ಬಾಗಿಲಾಚೆ ಕ್ಯಾಮೆರಾ ಇದ್ದರೆ

ರಂಜಾನಿನ ಸಂಜೆ ಕಾನ್‌ಸ್ಟಂಟೀನ್ ಪಟ್ಟಣದವರೆಲ್ಲ ಉಪವಾಸ ಬಿಟ್ಟು ಟೀವಿ ನೋಡುತ್ತಾರೆ. ತಾಹರ್ ಮಾತ್ರ ಟೀವಿಯ ಜೊತೆ ಜಗಳಕ್ಕೆ ಕೂರುತ್ತಾನೆ. ಬಸ್ಸು ಓಡಿಸುವುದನ್ನು ಬಿಟ್ಟ ಮೇಲೆ ಅವನಿಗೆ ಅದೇ ಉದ್ಯೋಗ. ಕಾಫಿ ಅಂಗಡಿಯಲ್ಲಿ ಅವನ ತೀರ್ಪು ಬೀಳದೆ ಯಾರೂ ಯಾವ ಧಾರಾವಾಹಿಯನ್ನೂ ಹೊಗಳುವುದಿಲ್ಲ.

ಈ ವರ್ಷ ಅವನಿಗೆ ಹಿಡಿಸಿದ್ದು ಒಂದೇ. ಸುಳ್ಳುಗಾತಿಯೆಂದು ಒಬ್ಬ ಹೆಂಗಸನ್ನು ಹೊರಗಟ್ಟಿದ ನ್ಯಾಯಾಧೀಶನಿಗೆ, ಅವಳು ನುಡಿದದ್ದೇ ಸತ್ಯವೆಂದು ಮುಪ್ಪಿನಲ್ಲಿ ತಿಳಿಯುವ ಕಥೆ. "ಯಾರೂ ಕಿರುಚಲ್ಲ, ಕೆನ್ನೆಗೆ ಬಾರಿಸಲ್ಲ. ಆದ್ರೂ ನೋಡಿ ಎದ್ರೆ ನಿದ್ದೆ ಹತ್ತಲ್ಲ," ಎನ್ನುತ್ತಿದ್ದ. ಉಳಿದವೆಲ್ಲ ನೀರು ಬೆರೆಸಿದ ಸಾರು.

ನಿನ್ನೆ ಬಂದದ್ದಂತೂ ಸಾರೂ ಅಲ್ಲ, ವಿಷ. ಕ್ಯಾಮೆರಾ ಅಡಗಿಸಿಟ್ಟು ಜನರನ್ನು ಬೇಸ್ತು ಬೀಳಿಸುವ ಕಾರ್ಯಕ್ರಮ. ಕಳೆದುಹೋದ ಮಗ ಬಂದಿದ್ದಾನೆಂದು ಮುದುಕಿಯೊಬ್ಬಳನ್ನು ಬೀದಿಗಿಳಿಸಿದರು. ಅವಳು ಅಳುತ್ತಾ ಕೈ ಚಾಚಿದಾಗ ನಿರೂಪಕ ಕಾರಿನ ಹಿಂದಿನಿಂದ ನೆಗೆದು ನಕ್ಕ.

"ತಾಯಿಯ ಕಣ್ಣೀರು ಇವರಿಗೆ ತಮಾಷೆನಾ?" ಎಂದು ತಾಹರ್ ಟೀವಿ ಆರಿಸಿದ್ದ.

"ಬೈತೀರ, ನಾಳೆ ಮತ್ತೆ ಹಚ್ತೀರ," ಎಂದಿದ್ದಳು ಹೆಂಡತಿ ವರ್ದಿಯಾ.

ಇವತ್ತು ಸಂಜೆ, ಟೀವಿಯಲ್ಲಿ ಉಪವಾಸ ಬಿಡುವ ಬಾಂಗಿಗೆ ಮುಂಚಿನ ಕುರಾನ್ ಪಠಣ ಸಾಗುತ್ತಿದ್ದಾಗ ಬಾಗಿಲು ಬಡಿದ ಸದ್ದಾಯಿತು. ಹೊರಗೆ ಒಬ್ಬ ಹುಡುಗಿ.

"ಮಾಮಾ, ನಾನು ನವಾಲ್. ಝುಲೀಖಾ ಮಗಳು. ಮಾರ್ಸೆಲ್ಸಿಂದ ಬಂದಿದೀನಿ."

ಝುಲೀಖಾ ತಾಹರನ ಅಕ್ಕ. ಅಪ್ಪ ಒಪ್ಪದವನನ್ನು ಕಟ್ಟಿಕೊಂಡು ಸಮುದ್ರ ದಾಟಿ ಹೋದವಳು. ಅಪ್ಪನಿರುವ ತನಕ ಅವಳ ಹೆಸರೆತ್ತುವಂತಿರಲಿಲ್ಲ. ಅಪ್ಪ ಹೋದ ಮೇಲೆ ಎತ್ತಲು ಇವನಿಗೆ ಬಾಯಿ ಬರಲಿಲ್ಲ.

ತಾಹರನ ಕಣ್ಣು ಹುಡುಗಿಯ ಮುಖದಲ್ಲಿ ನಿಲ್ಲದೆ ಮೆಟ್ಟಿಲ ಮೂಲೆ, ದೀಪದ ಬುರುಡೆ, ಅವಳ ಕೋಟಿನ ಗುಂಡಿಗಳ ಮೇಲೆ ಅಲೆಯಿತು.

"ಯಾವ ಚಾನೆಲ್ಲು ನಿಂದು?"

"ಏನಂದ್ರಿ ಮಾಮಾ?"

"ಮಾಮಾ ಅನ್ನೋದನ್ನ ಎಷ್ಟು ಚೆನ್ನಾಗಿ ಕಲಿಸಿದಾರೆ!"

ಒಳಗಿನಿಂದ ವರ್ದಿಯಾ ಇಣುಕಿದಳು. "ಮೂಗು ನೋಡ್ರೀ. ಅತ್ತೆಯವರದೇ ಮೂಗು!"

"ಮೂಗು ನೋಡೇ ಆರಿಸ್ತಾರೆ ಕಣೇ ಅವರು. ನಿಂಗೇನು ಗೊತ್ತು?"

ಹೇಳಿದನೇ ಹೊರತು ಕದ ಮುಚ್ಚಲಿಲ್ಲ. ನಂಬಿದರೆ ನಾಳೆ ಊರೆಲ್ಲ ನಗುತ್ತದೆ. ನಂಬದೆ ಕದ ಮುಚ್ಚಿದರೆ, ಇವಳು ನಿಜವೇ ಆಗಿದ್ದರೆ, ಅಕ್ಕನನ್ನು ಎರಡನೆಯ ಸಲ ಹೊರಗೆ ಹಾಕಿದಂತೆ. ಧಾರಾವಾಹಿಯ ನ್ಯಾಯಾಧೀಶನಿಗಾದರೂ ಯೋಚಿಸಲು ಕಂತುಗಳಿದ್ದವು.

ಪಠಣ ನಿಂತಿತು. ಬಾಂಗು ಕೇಳಿಸಿತು. ಹುಡುಗಿ ತಲೆತಗ್ಗಿಸಿ ಮೆಟ್ಟಿಲಿನತ್ತ ತಿರುಗಿದಳು.

"ನಿಲ್ಲು," ಎಂದ ತಾಹರ್. "ಸುಳ್ಳೋ ನಿಜವೋ, ಉಪವಾಸ ಇರೋರು ಬಾಂಗಿನ ಹೊತ್ತಲ್ಲಿ ಹಾಗೇ ಹೋಗಬಾರದು. ತಗೋ."

ಅವನು ಒಳಗಿಂದ ತಂದು ಚಾಚಿದ ತಟ್ಟೆಯಿಂದ ಅವಳು ಎರಡು ಖರ್ಜೂರ ಎತ್ತಿಕೊಂಡಳು. ಬಿಸ್ಮಿಲ್ಲಾ ಹೇಳಿ ಒಂದನ್ನು ತಿಂದು, ಇನ್ನೊಂದನ್ನು ಮುಷ್ಟಿಯಲ್ಲಿಟ್ಟುಕೊಂಡಳು.

"ಅದನ್ನೂ ತಿನ್ನಮ್ಮಾ," ಎಂದಳು ವರ್ದಿಯಾ.

"ಇದು ಅಮ್ಮಂಗೆ. ಕೆಳಗೆ ಟ್ಯಾಕ್ಸೀಲಿದಾರೆ. ತಾಹರ್ ಕರೆದ್ರೆ ಮಾತ್ರ ಇಳೀತೀನಿ ಅಂದ್ರು."

ತಾಹರ್ ತಟ್ಟೆ ಕೆಳಗಿಟ್ಟ. ನಿನ್ನೆ ಮುದುಕಿಯನ್ನು ಬೀದಿಗೆ ಎಳೆದದ್ದೂ ಹೀಗೆಯೇ. ಕಾರು, ಕಾಯುತ್ತಿರುವ ಬಂಧು, ಮರೆಯಲ್ಲಿ ನಿರೂಪಕ. ಇಂಥ ಕಥೆಯನ್ನು ಇವನೇ ಎಷ್ಟು ಸಲ ಸೀಳಿ ಒಗೆದಿಲ್ಲ!

"ಹೋಗ್ಬೇಡಿ, ಬೇಕಾದ್ರೆ ನಾನು ನೋಡ್ಕೊಂಡು ಬರ್ತೀನಿ," ಎಂದು ವರ್ದಿಯಾ ತೋಳು ಹಿಡಿದಳು.

"ಅವಳು ನಿನ್ನ ಕರೀಲಿಲ್ಲ," ಎಂದು ಬಿಡಿಸಿಕೊಂಡ.

ಮೆಟ್ಟಿಲಿಳಿಯುತ್ತಾ, ನಗುವವರು ನಗಲೆಂದು, ಮೊದಲ ತಿರುವಿನಲ್ಲೇ ಕೂಗಿದ: "ಅಕ್ಕಾ! ಝುಲೀಖಾ ಅಕ್ಕಾ!" ಎಷ್ಟೋ ವರ್ಷ ಗಂಟಲಲ್ಲೇ ಉಳಿದಿದ್ದ ಹೆಸರು ಕಟ್ಟಡವೆಲ್ಲ ಮೊಳಗಿತು. ಬಾಗಿಲುಗಳು ತೆರೆದವು. ಸಾರಿನ ಚಮಚ ಹಿಡಿದೇ ಜನ ಇಣುಕಿದರು. ಅವನು ಯಾರ ಕಡೆಯೂ ನೋಡಲಿಲ್ಲ.

ಬೀದಿ ಬರಿದಾಗಿತ್ತು. ಟ್ಯಾಕ್ಸಿಯೊಂದು ನಿಂತಿತ್ತು, ಗಾಜಿನ ಹಿಂದೆ ಬಿಳಿ ತಲೆವಸ್ತ್ರದ ನೆರಳು. ಅದರ ಹಿಂದುಗಡೆ ಯಾರಾದರೂ ಇದ್ದಾರೆಯೇ ಎಂದು ಬಗ್ಗಿ ನೋಡಬೇಕೆನಿಸಿತು. ನೋಡಲಿಲ್ಲ. ಟ್ಯಾಕ್ಸಿಯ ಬಾಗಿಲು ಎಳೆದ.

"ಬರಿಗಾಲಲ್ಲಿ ಬರ್ತಾರೇನೋ ಕತ್ತೆ," ಎಂದಿತು ಒಳಗಿನ ದನಿ. "ಗಾಜು ಗೀಜು ಚುಚ್ಚಿದ್ರೆ?"