ಕಣ್ಣು ಬಿಟ್ಟ ಬುಟ್ಟಿ

ಬಿದಿರು ಬುಟ್ಟಿ ಹೆಣೆಯುವ ಆ ಮನೆಯಲ್ಲಿ ಇದ್ದ ದೊಡ್ಡ ಬೈಗುಳ ಒಂದೇ: 'ಕಣ್ಣು ಬಿಟ್ಟಿದೆ.' ಎಳೆಗಳ ನಡುವೆ ಸಂದು ಉಳಿದರೆ ಅದು ಕಣ್ಣು. ಕಣ್ಣು ಬಿಟ್ಟ ಬುಟ್ಟಿಯಲ್ಲಿ ಕಾಳು ನಿಲ್ಲುವುದಿಲ್ಲ, ಹೆಣೆದವಳ ಮಾನವೂ ನಿಲ್ಲುವುದಿಲ್ಲ. ಸೊಸೆ ಬಂದ ಹೊಸತರಲ್ಲಿ ಅತ್ತೆ ಅವಳ ಬುಟ್ಟಿಯನ್ನು ಬೆಳಕಿಗೆ ಹಿಡಿದು, "ಇದರಲ್ಲಿ ಊರೆಲ್ಲಾ ಕಾಣುತ್ತಲ್ಲೇ!" ಅಂದಿದ್ದಳು.

ಈಗ ಬುಟ್ಟಿ ಕೇಳುವವರೇ ಇಲ್ಲ. ಎಲ್ಲರ ಮನೆಗೂ ಪ್ಲಾಸ್ಟಿಕ್ಕಿನದು ಬಂದಿದೆ. ಲಾಂಡ್ರಿಯಲ್ಲಿ ಕೆಲಸವಿದೆ, ಸಂಜೆಯೊಳಗೆ ಹೇಳು ಎಂದು ಅಲ್ಲಿಯವಳು ಸೊಸೆಗೆ ಗಡುವು ಕೊಟ್ಟಿದ್ದಳು. ಅಷ್ಟರಲ್ಲಿ ಡಿಸೈನ್ ಮಾಡುವ ಹುಡುಗಿಯೊಬ್ಬಳು ಬಂದು, ಇದೇ ಹೆಣಿಗೆಯಲ್ಲಿ ದೀಪದ ಬುಟ್ಟಿ ಮಾಡಿಕೊಡಿ, ಚೆನ್ನಾಗಿ ಬಂದರೆ ಅಂಗಡಿಯವರು ವರ್ಷವಿಡೀ ಕೊಳ್ಳುತ್ತಾರೆ ಅಂದಳು. ಒಂದೇ ಷರತ್ತು: ಸುತ್ತಲೂ ಕಣ್ಣು ಬಿಡಬೇಕು. ಬೈಗುಳಕ್ಕೆ ಹೆದರಿ ಸೊಸೆ ಆ ಷರತ್ತಿನ ಮಾತನ್ನು ಅತ್ತೆಯ ಮುಂದೆ ಎತ್ತಲೇ ಇಲ್ಲ.

ಕಸ, ಮುಸುರೆ, ಮಗುವಿನ ಸ್ನಾನ, ಇವುಗಳ ನಡುವೆಯೇ ಹೆಣೆದಳು. ಕಣ್ಣು ಮುಚ್ಚಿ ಹೆಣೆಯುತ್ತಿದ್ದ ಕೈಗೆ ಕಣ್ಣು ಬಿಡುವುದೇ ಕಷ್ಟವಾಯಿತು. ಮುಗಿಯುವಷ್ಟರಲ್ಲಿ ಸೊಂಟ ಬಿದ್ದುಹೋದ ಹಾಗಿತ್ತು. ಗೋಡೆಗೊರಗಿದವಳಿಗೆ ಕೂತಲ್ಲೇ ಜೋಂಪು ಹತ್ತಿತು.

ಎಚ್ಚರವಾದಾಗ ಸಂಜೆಯಾಗಿತ್ತು; ಬುಟ್ಟಿ ನೋಡಲು ಬಂದ ಹುಡುಗಿ ಬಾಗಿಲಲ್ಲಿದ್ದಳು. ಅವಳು ಬುಟ್ಟಿಯೊಳಗೆ ಬಲ್ಬು ಇಟ್ಟು ಸ್ವಿಚ್ ಹಾಕಿದರೆ ಅದು ಮುಖ ಊದಿಸಿಕೊಂಡವರ ಹಾಗೆ ಕಪ್ಪಗೆ ಕೂತಿತ್ತು.

"ಇದೇನಿದು!" ಸೊಸೆ ಕಕ್ಕಾಬಿಕ್ಕಿಯಾದಳು.

"ನಾನೇ," ಅಂದಳು ಅತ್ತೆ. "ಪಾಪ, ನೀನು ಸುಸ್ತಲ್ಲಿ ಎಲ್ಲಾ ಕಡೆ ಕಣ್ಣು ಬಿಟ್ಟಿದ್ದೆ. ಬಂದವರ ಮುಂದೆ ನಿನ್ನ ಮರ್ಯಾದೆ ಹೋಗಬಾರದಲ್ಲ? ಎಳೆ ಒದ್ದೆ ಇರುವಾಗಲೇ ಸರಿಸಿ ಮುಚ್ಚಿದೆ. ಈಗ ಒಂದು ಕಾಳೂ ಸೋರಲ್ಲ, ನೋಡು."

ಸೊಸೆಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. "ಕಾಳಿಗಲ್ಲ ಅತ್ತೆ, ಬೆಳಕಿಗೆ. ಇದು ಸೋರಲೇಬೇಕು."

"ನಾಳೆ ಬೆಳಿಗ್ಗೆ ಅಂಗಡಿಗೆ ತೋರಿಸಬೇಕಿತ್ತು," ಎಂದು ಹುಡುಗಿ ಮೆಲ್ಲಗೆ ಹೇಳಿದಳು.

ಅತ್ತೆ ಮುಚ್ಚದೆ ಮರೆತ ಒಂದೇ ಒಂದು ಕಣ್ಣಿನಿಂದ ಗೋಡೆಯ ಮೇಲೆ ಕಾಳಿನಷ್ಟು ಬೆಳಕು ಬಿದ್ದಿತ್ತು. ಮುದುಕಿ ಅಡ್ಡ ಕೈ ಹಿಡಿದಳು. ಕಾಳು ಅಂಗೈಗೆ ಬಂತು.

"ಇಷ್ಟಕ್ಕೇನೇ ಕಣ್ಣು?"

"ಇಷ್ಟಕ್ಕೇ ಅತ್ತೆ."

ಮುದುಕಿ ತುಸು ಹೊತ್ತು ಅಂಗೈಯನ್ನೇ ನೋಡಿದಳು. "ಬೋಗುಣಿಯಲ್ಲಿ ನೀರು ತಾ. ನೆನೆಸಿದರೆ ಎಳೆ ಮತ್ತೆ ಸರಿಯುತ್ತೆ. ನೀನು ಬೆಳಿಗ್ಗೆನೇ ಬಾ, ಡಿಸೈನಮ್ಮ."

ಹುಡುಗಿ ಹೋದ ಬೆನ್ನಿಗೇ ಲಾಂಡ್ರಿಯವಳ ಫೋನು ಬಂತು. ಸೊಸೆ ಬೋಗುಣಿಯ ಮುಂದೆ ಕೂತ ಅತ್ತೆಯನ್ನೊಮ್ಮೆ ನೋಡಿದಳು.

"ಬರಲ್ಲಕ್ಕಾ," ಅಂದಳು. "ಮನೇಲೇ ಕೆಲಸ ಇದೆ." ಇದೆಯೋ ಇಲ್ಲವೋ ಬೆಳಿಗ್ಗೆ ತಿಳಿಯಬೇಕು. ಫೋನಿಟ್ಟು ಅತ್ತೆಯ ಪಕ್ಕ ಕುಸಿದು ಕೂತಳು.

"ಇಷ್ಟು ಬಿಟ್ರೆ ಸಾಕಾ?"

"ಇನ್ನೂ ಸ್ವಲ್ಪ ಬಿಡಿ."

"ನಮ್ಮತ್ತೆ ಇದ್ದಿದ್ರೆ ನನ್ನ ಕೈ ಮುರೀತಿದ್ಲು ಕಣೇ," ಎನ್ನುತ್ತಾ ಮುದುಕಿ ಎಳೆ ಸರಿಸಿ, ಇನ್ನೊಂದು ಕಣ್ಣು ಬಿಟ್ಟಳು.