ನಿಂತ ಕಾರಿಗೆ ಬಿದ್ದ ಗುದ್ದು

ಶನಿವಾರ ಬೆಳಿಗ್ಗೆ ಎಂಟು ಗಂಟೆಗೆ ಅಂಚೆಯಲ್ಲಿ ವಿಮಾ ಕಂಪನಿಯ ಕಾಗದ ಬಂತು. ಹಿಲರಿ ಓಗ್ಡನ್‌ಳ ಕಾರಿನ ವಿಮೆ ಬರುವ ವರ್ಷಕ್ಕೆ ನೂರಾ ಎಪ್ಪತ್ತು ಪೌಂಡ್ ಏರಿತ್ತು. ಅವಳು ತಪ್ಪು ಮಾಡಿರಲಿಲ್ಲ. ಮಾಡಿದ್ದಾಳೆಂದು ಯಾರೂ ಹೇಳಿರಲೂ ಇಲ್ಲ. ನವೆಂಬರಿನಲ್ಲಿ ಕಾರು ಮನೆಯೆದುರು ಸುಮ್ಮನೆ ನಿಂತಿದ್ದಾಗ ಪಕ್ಕದ ಮನೆಯ ನೆವಿಲ್ ವ್ಯಾನ್ ಹಿಂದಕ್ಕೆ ತೆಗೆಯುತ್ತ ಗುದ್ದಿದ್ದ. ರಿಪೇರಿಯ ಖರ್ಚೆಲ್ಲ ಅವನ ವಿಮಾ ಕಂಪನಿಯೇ ಭರಿಸಿತ್ತು.

ಇಂಗ್ಲೆಂಡಿನ ಟಾಡ್‌ಮೊರ್ಡನ್ ಊರಿನ ಗುಡ್ಡದ ಮೇಲಿನ ಮುದುಕಿಯರ ಮನೆಗಳಿಗೆ ಹೋಗಿ ಕೂದಲು ಕತ್ತರಿಸುವುದು ಹಿಲರಿಯ ಕಸುಬು. ಕಾರಿಲ್ಲದಿದ್ದರೆ ಕಸುಬೂ ಇಲ್ಲ.

ಕಂಪನಿಗೆ ಫೋನ್ ಮಾಡಿದಳು. ಆ ಕಡೆಯ ಹುಡುಗಿ ವಿನಯದಿಂದಲೇ ವಿವರಿಸಿದಳು: ಕ್ಲೇಮ್ ಮಾಡದವರಿಗೆ ಸಿಗುವ ರಿಯಾಯಿತಿ ಹಾಗೇ ಇದೆ, ಆದರೆ ರಿಯಾಯಿತಿ ಕಳೆಯುವ ಮೂಲ ದರ ಏರಿದೆ. ತಪ್ಪು ಯಾರದೇ ಇರಲಿ, ಒಮ್ಮೆ ಗುದ್ದಿಸಿಕೊಂಡವರು ಮತ್ತೆ ಗುದ್ದಿಸಿಕೊಳ್ಳುವುದು ಹೆಚ್ಚು ಎಂಬುದು ಕಂಪನಿಯ ಲೆಕ್ಕ. ಹಿಲರಿ ಫೋನಿಟ್ಟು, ತೊಳೆದಿಟ್ಟ ಕಪ್ಪನ್ನೇ ಮತ್ತೆ ತೊಳೆದಳು.

ತಂಗಿ ಹೇಜೆಲ್‌ಗೆ ಹೇಳಿದರೆ ಅವಳು ನಕ್ಕಳು. "ಬೇರೆ ಕಂಪನಿ ನೋಡಕ್ಕ. ಅಪಘಾತ ಆಗಿತ್ತಾ ಅಂತ ಕೇಳಿದ್ರೆ ಇಲ್ಲ ಅನ್ನು. ನೀನೇನು ಗುದ್ದಿದ್ಯಾ?"

ಹಿಲರಿ ಕಂಪ್ಯೂಟರಿನಲ್ಲಿ ಬೇರೊಂದು ಕಂಪನಿಯ ಅರ್ಜಿ ತೆರೆದು, ಅಪಘಾತದ ಪ್ರಶ್ನೆಗೆ 'ಇಲ್ಲ' ಒತ್ತಿದಳು. ದರ ಇಳಿಯಿತು. ಆದರೆ ಪ್ರಶ್ನೆಯಲ್ಲೇ 'ತಪ್ಪು ಯಾರದೇ ಆಗಿದ್ದರೂ' ಎಂದಿತ್ತು. ಒಂದು ಕಂಪನಿಯ ಕ್ಲೇಮ್ ಇನ್ನೊಂದಕ್ಕೆ ಕಾಣುತ್ತದೆ. ಸಿಕ್ಕಿಬಿದ್ದರೆ ವಿಮೆಯೇ ರದ್ದು. 'ಹೌದು' ಒತ್ತಿದಳು, ಮತ್ತೆ 'ಇಲ್ಲ' ಒತ್ತಿದಳು. ಕೂತಲ್ಲಿ ಕೂರಲಾಗದೆ ಬೀದಿಗೆ ಬಂದಳು.

ನೆವಿಲ್ ವ್ಯಾನ್ ತೊಳೆಯುತ್ತಿದ್ದ. "ಏನಮ್ಮ, ನಿಂಗೂ ವಿಮೆ ಕಾಗದ ಬಂತಾ? ನಂದು ಹನ್ನೊಂದೇ ಪೌಂಡ್ ಜಾಸ್ತಿ. ರಿಯಾಯಿತಿ ಹೋಗ್ಬಾರ್ದು ಅಂತ ಮೊದ್ಲೇ ಒಂದಿಷ್ಟು ಹೆಚ್ಚಿಗೆ ದುಡ್ಡು ಕಟ್ಟಿದ್ದೆ ನೋಡು."

ಆ ಬೀದಿಯಲ್ಲಿ ಇಂಥದ್ದಕ್ಕೆಲ್ಲ ಒಂದೇ ಉತ್ತರ: ಪರವಾಗಿಲ್ಲ. ಅವನು ಗುದ್ದಿದ ದಿನ ಹಿಲರಿ ಹಾಗೆಂದದ್ದಲ್ಲದೆ, ಒಳಗೆ ಕರೆದು ಚಹಾ ಬೇರೆ ಕೊಟ್ಟಿದ್ದಳು. ಈಗಲೂ ಅದೇ ಮಾತು ನಾಲಗೆಯ ತುದಿಗೆ ಬಂತು.

"ನಂದು ನೂರಾ ಎಪ್ಪತ್ತು ಏರಿದೆ, ನೆವಿಲ್. ಸುಮ್ನೆ ನಿಂತಿದ್ದು ನನ್ನ ಕಾರು."

ನೆವಿಲ್ ಬಟ್ಟೆ ಹಿಂಡಿದ. ಛೆ, ಅನ್ಯಾಯ ಅಂದ. ಮಧ್ಯಾಹ್ನ ಮಳೆ ಬರಬಹುದು ಅಂತಲೂ ಅಂದ.

ಹಿಲರಿ ಒಳಗೆ ಹೋಗಿ 'ಹೌದು' ಒತ್ತಿ, ಬಂದ ದರವನ್ನು ತಿಂಗಳ ಕಂತಿನಲ್ಲಿ ಕಟ್ಟಲು ಒಪ್ಪಿಕೊಂಡಳು.

ನೆವಿಲ್‌ನ ಹೆಂಡತಿ ಬೆರಿಲ್ ಗುರುವಾರ ಗುರುವಾರ ಹಿಲರಿಯ ಅಡುಗೆಮನೆಯಲ್ಲಿ ಕೂತು ಕೂದಲು ಸುರುಳಿ ಮಾಡಿಸಿಕೊಳ್ಳುತ್ತಿದ್ದಳು. ಆ ಗುರುವಾರ ಅವಳು ಬಸ್ಸು ಹತ್ತಿ ಪೇಟೆಯ ಕೂದಲು ಕತ್ತರಿಸುವ ಅಂಗಡಿಗೆ ಹೋದಳು.