ಆರು ಗಂಟೆಯ ಕಾಡವ್ವ ಸಿಸ್ಟರ್

ಎದುರಿಗಿದ್ದವರು ಬಾಯಿ ತೆರೆಯುವಂತಿಲ್ಲದ ಹತ್ತು ನಿಮಿಷವೇ ಕಾಡವ್ವ ಸಿಸ್ಟರ್ ಅವರಿಗೆ ಮಾತಿನ ಸುಗ್ಗಿ. ಬೆಳಗಾವಿಯ ಆ ವ್ಯಸನಮುಕ್ತಿ ಚಿಕಿತ್ಸಾಲಯದಲ್ಲಿ ಚಟದ ಸೆಳೆತ ತಗ್ಗಿಸಲು ದಿನಾ ಬೆಳಿಗ್ಗೆ ಕೊಡುವ ಗುಳಿಗೆ ನಾಲಿಗೆಯಡಿಯಲ್ಲಿ ತಾನಾಗಿ ಕರಗಬೇಕು. ನುಂಗಿದರೆ ವ್ಯರ್ಥ, ಮಾತಾಡಿದರೆ ಅರ್ಧ ವ್ಯರ್ಥ. ಹೆರಾಯಿನ್‌ಗೆ, ಅಂದರೆ ಬೀದಿಮಾತಿನ ಪನ್ನಿಗೆ, ಮೈಯನ್ನೇ ಒತ್ತೆಯಿಟ್ಟು ಬಂದವರು ಬೆಂಚಿನ ಮೇಲೆ ತುಟಿ ಬಿಗಿದು ಕುಳಿತಿರುವಾಗ, ಸಿಸ್ಟರ್ ಖಾನಾಪುರದ ತಮ್ಮ ಮನೆಯ ಎಮ್ಮೆಯ ಚರಿತ್ರೆಯನ್ನು ಆರಂಭಿಸುತ್ತಾರೆ. ಅದು ಹಗ್ಗ ಹರಿದು ಎಲ್ಲಿ ಕಳೆದುಹೋಯಿತು, ಯಾರ ಹಿತ್ತಲಿಗೆ ನುಗ್ಗಿತು, ಯಾರು ಜಗಳಕ್ಕೆ ಬಂದರು, ತಾವೇನು ಅಂದರು ಎಂದು ಸಾಗುವ ಕಥೆ, ಗುಳಿಗೆ ಕರಗಿತೆಂದರೆ ಇದ್ದಲ್ಲಿಯೇ ನಿಲ್ಲುತ್ತದೆ. ಉಪದೇಶದ ಒಂದಕ್ಷರವೂ ಇಲ್ಲ. ಮೂರು ದಿನ ನಾಪತ್ತೆಯಾಗಿದ್ದ ಬಂಡೆಪ್ಪನೆಂಬ ಡ್ರೈವರ್ ನಾಲ್ಕನೆಯ ದಿನ ತಲೆ ತಗ್ಗಿಸಿಕೊಂಡು ಬಂದು ಮೊದಲು ಕೇಳಿದ್ದು, “ಎಮ್ಮಿ ಸಿಕ್ಕಿತೇನ್ರಿ?” ಎಂದು.

ಸಿಸ್ಟರ್ ಅವರ ವಯಸ್ಸು ಐವತ್ತೈದು ದಾಟಿದೆ. ಎಡಗಾಲನ್ನು ತುಸು ಎಳೆದು ನಡೆಯುವುದರಿಂದ ಅವರಿಗಿಂತ ಮೊದಲು ಅವರ ಚಪ್ಪಲಿಯ ಸದ್ದು ಬರುತ್ತದೆ. ಬಿಳಿ ಕೋಟಿನ ಬಲಜೇಬು ಟಾರ್ಚಿನ ಭಾರಕ್ಕೆ ಜೋತುಬಿದ್ದು ಹರಿದಿದೆ. ಹೊಸ ಕೋಟು ಕೊಟ್ಟರೆ ಕಪಾಟಿಗೆ ಸೇರಿಸುತ್ತಾರೆ. ಗುಳಿಗೆ ಇಟ್ಟ ಮೇಲೆ “ನಾಲಿಗಿ ಎತ್ತು” ಎಂದು ಬೆಳಕು ಬಿಟ್ಟು ದವಡೆಯ ಮೂಲೆಮೂಲೆಯನ್ನು ಶೋಧಿಸುವಾಗ ಅವರಿಗೆ ದಾಕ್ಷಿಣ್ಯವೆಂಬುದೇ ಇಲ್ಲ. ಹಾಗೆಂದು ಯಾರಾದರೂ “ಇನ್ನೂ ಎಷ್ಟು ದಿನಾರಿ ಈ ಗುಳಿಗಿ?” ಎಂದು ಸೋತ ದನಿಯಲ್ಲಿ ಕೇಳಿದರೆ, ಹಲ್ಲುಜ್ಜುವ ತಂಬಾಕಿನ ಪುಡಿಯ ತಮ್ಮ ಹಳೆಯ ಚಟವನ್ನು ಸಂಕೋಚವಿಲ್ಲದೆ ಮುಂದಿಡುತ್ತಾರೆ. “ಹಲ್ಲಿಗೆ ಹಚ್ಚೂ ಮಿಶ್ರಿ ಬಿಡಾಕ ನನಗ ಎರಡು ವರ್ಷ ಹಿಡೀತು. ನಿನಗ ಯಾಕ ಅವಸರ?”

ಆ ಟಾರ್ಚಿಗೇ ಅಯಾಜ ಸಿಕ್ಕಿಬಿದ್ದದ್ದು. ಊರಂಚಿನ ಮಚ್ಛೆಯ ಕಾರ್ಖಾನೆಯೊಂದರಲ್ಲಿ ಲೇತ್ ನಡೆಸುತ್ತಿದ್ದ ಇಪ್ಪತ್ತಾರರ ತರುಣ. ಪನ್ನಿಯ ದೆಸೆಯಿಂದ ಕೆಲಸ ಹೋಗಿತ್ತು. ಚಿಕಿತ್ಸೆಗೆ ಸೇರಿದ ಎರಡನೆಯ ತಿಂಗಳು, ಗೆಳೆಯನಿಗೆ ಕೊಡಲೆಂದು ಗುಳಿಗೆಯನ್ನು ಗಲ್ಲದೊಳಗೆ ಅಡಗಿಸಿದ್ದ. ಸಿಸ್ಟರ್ ಅವನೆದುರಿಗೇ ಅದನ್ನು ಬರೆದಿಟ್ಟರು. ನಿಯಮದ ಪ್ರಕಾರ ಇನ್ನು ಆರು ತಿಂಗಳು, ನಂಬಿಕಸ್ತರಿಗೆ ಕೊಡುವಂತೆ, ಅವನ ಕೈಗೆ ವಾರದ ಗುಳಿಗೆ ಕೊಟ್ಟು ಮನೆಗೆ ಕಳಿಸುವಂತಿಲ್ಲ. ದಿನಾ ಒಂಬತ್ತಕ್ಕೆ ಬಾಗಿಲು ತೆರೆದ ಮೇಲೆ ಬಂದು ಅಲ್ಲಿಯೇ ತೆಗೆದುಕೊಳ್ಳಬೇಕು. ಅಷ್ಟರಲ್ಲಿ ಕೈನಡುಕ ನಿಂತಿತು, ಹಳೆಯ ಮಾಲೀಕರು ಮತ್ತೆ ಕರೆದರು. ಆದರೆ ಪಾಳಿ ಬೆಳಿಗ್ಗೆ ಏಳಕ್ಕೆ. ಕೆಲಸ ಹಿಡಿದರೆ ಗುಳಿಗೆ ತಪ್ಪುತ್ತದೆ. ಗುಳಿಗೆ ತಪ್ಪಿದರೆ ನಾಲ್ಕು ದಿನ ಮೈನೋವು, ಐದನೆಯ ದಿನ ಮತ್ತದೇ ಪನ್ನಿ. ಇದು ಅವನಿಗಿಂತ ಚೆನ್ನಾಗಿ ಸಿಸ್ಟರಿಗೆ ಗೊತ್ತಿತ್ತು.

“ಆ ಬರದದ್ದು ಅಳಿಸಿಬಿಡ್ರಿ ಸಿಸ್ಟರ್ರ,” ಎಂದು ಅಯಾಜ ಅಂಗಲಾಚಿದ.

“ಬರದದ್ದು ಖರೇ ಐತಿ. ಅಳಸಾಕ ಬರಂಗಿಲ್ಲ.”

ಅಷ್ಟು ಹೇಳಿದವರು ನೇರವಾಗಿ ಡಾಕ್ಟರ ಕೋಣೆಗೆ ಹೋಗಿ, ಪಾಳಿಯವರಿಗಾಗಿ ಆರು ಗಂಟೆಗೇ ಬಾಗಿಲು ತೆರೆಯಬೇಕೆಂದು ಪಟ್ಟು ಹಿಡಿದರು. ಅಷ್ಟು ಮುಂಜಾನೆ ಯಾರು ಬರುತ್ತಾರೆ ಎಂದು ಡಾಕ್ಟರು ಕೇಳಿದರು.

“ನಾ ಬರ್ತೀನ್ರಿ. ಹೆಂಗೂ ಎಮ್ಮಿ ನನ್ನ ನಾಲ್ಕಕ್ಕ ಎಬ್ಬಸ್ತೈತಿ.”

ಡಾಕ್ಟರು ಮೇಲಿನವರ ಒಪ್ಪಿಗೆ ತರಿಸಿದರು. ಅಂದಿನಿಂದ ಖಾನಾಪುರದ ಮೊದಲ ಬಸ್ಸಿನ ಮುಂದಿನ ಸೀಟು ಸಿಸ್ಟರ್ ಅವರದಾಯಿತು. ಅಲ್ಲಿಯ ಮಳೆಗಾಲವೆಂದರೆ ಕೊಡೆಗೂ ಜಗ್ಗದ ಮಳೆಗಾಲ, ಆದರೂ ಒಂದು ದಿನ ತಪ್ಪಲಿಲ್ಲ. ಒಮ್ಮೆ ಆರೂ ಕಾಲಾದರೂ ಅಯಾಜನ ಸುಳಿವಿಲ್ಲ. ಇಷ್ಟು ದಿನದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತೇ ಎಂದು ಸಿಸ್ಟರ್ ಬಾಗಿಲಲ್ಲಿಯೇ ನಿಂತರು. ಕೊನೆಗೆ ಪಂಕ್ಚರ್ ಆದ ಬೈಕನ್ನು ತಳ್ಳಿಕೊಂಡು, ಬೆವರು ಸುರಿಸುತ್ತಾ ಅವನು ಬಂದ. ಸಿಸ್ಟರ್ ಎಂದಿನಂತೆ ಗುಳಿಗೆ ಕೊಟ್ಟರು. ಆದರೆ ಅಂದು ಎಮ್ಮೆಯ ಕಥೆ ಹೇಳುವಾಗ ಅವರ ದನಿ ಎರಡು ಸಲ ತಡವರಿಸಿತು.

ಆರು ತಿಂಗಳು ತುಂಬಿತು. ಪರೀಕ್ಷೆಗಳಲ್ಲಿ ಪನ್ನಿಯ ಕುರುಹಿಲ್ಲ, ಕಾರ್ಖಾನೆಯಲ್ಲಿ ಒಂದು ಪಾಳಿಯೂ ತಪ್ಪಿಲ್ಲ. ಡಾಕ್ಟರು ಒಂದು ವಾರದ ಗುಳಿಗೆಯನ್ನು ಅಯಾಜನ ಕೈಯಲ್ಲಿಟ್ಟಾಗ ಅವನು ಅದನ್ನು ಎರಡೂ ಅಂಗೈಯಲ್ಲಿ ಹಿಡಿದು ನಿಂತ.

“ನಾಳಿಂದ ನೀವು ಸಾವಕಾಶ ಒಂಬತ್ತಕ್ಕ ಬರ್ರಿ ಸಿಸ್ಟರ್ರ,” ಅಂದ.

“ನೀ ಒಬ್ಬಾವ ಅಂತ ತಿಳಿದೀಯೇನು? ಇನ್ನ ಹನ್ನೊಂದು ಮಂದಿ ಅದಾರ ಆರಕ್ಕ ಬರೂದು. ಸರಿ, ಹೊತ್ತಾತು, ಹೋಗು.”

ಗೆದ್ದವರ ನಗೆ ಹೇಗಿರುತ್ತದೆಂದು ಅಂದು ಆ ಚಿಕಿತ್ಸಾಲಯ ಅವರಿಬ್ಬರ ಮುಖದಲ್ಲಿ ಕಂಡಿತು.

ಲೋಕದಲ್ಲಿ ಕರುಣೆಗೆ ಬರವಿಲ್ಲ, ನಿಯಮ ಹೇಳುವವರಿಗಂತೂ ಬರವೇ ಇಲ್ಲ. ನಿಯಮವನ್ನು ಕೂದಲೆಳೆಯಷ್ಟೂ ಸಡಿಲಿಸದೆ, ಅದರ ಭಾರದಲ್ಲಿ ಅರ್ಧವನ್ನು ತಮ್ಮ ಹೆಗಲಿಗೆ ಎಳೆದುಕೊಳ್ಳುವ ಜನ ಮಾತ್ರ ವಿರಳ. ಅಂಥವರು ಯಾರನ್ನೂ ಉದ್ಧರಿಸಿದೆವೆಂದು ಹೇಳಿಕೊಳ್ಳುವುದಿಲ್ಲ. ಅವರಿದ್ದ ಊರಿನಲ್ಲಿ ಬಿದ್ದವನು ಎದ್ದು ಕೆಲಸಕ್ಕೆ ಹೋಗುತ್ತಾನೆ, ಅದೂ ಸರಿಯಾದ ವೇಳೆಗೆ.